ಹೊಸ್ತಿಲಲ್ಲೇ ನಿಂತ ಕ್ಯಾಮೆರಾ

ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋದವರು ಯಾರೂ ಹಣೆ ಹಳದಿ ಮಾಡಿಕೊಳ್ಳದೆ ಮರಳುವುದಿಲ್ಲ. ಮರಾಠಿ ಮಂದಿಗೆ ಆತ ಖಂಡೋಬಾ, ಕನ್ನಡದವರಿಗೆ ಮಲ್ಲಯ್ಯ. ಕರ್ನಾಟಕ, ಮಹಾರಾಷ್ಟ್ರ ಗಡಿಯ ಆಚೆ ಈಚೆ ಎರಡೂ ಕಡೆ ಎಷ್ಟೋ ಮನೆತನಗಳಿಗೆ ಮನೆದೇವರು. ಅಥಣಿ ತಾಲ್ಲೂಕಿನಿಂದ ಬೇರೆಯಾಗಿ ಈಗ ಕಾಗವಾಡಕ್ಕೆ ಸೇರಿದ ಈ ಸೀಮೆಯಲ್ಲಿ ದೇವರಿಗೆ ಕಾಯಿ, ಕುರಿ, ಬೆಳ್ಳಿಯ ಕಣ್ಣು ಒಪ್ಪಿಸಿದ ಹಾಗೆ ಮನುಷ್ಯರನ್ನೂ ಒಪ್ಪಿಸುವ ರೂಢಿ ತಲೆತಲಾಂತರದ್ದು. ಖಂಡೋಬನಿಗೆ ಹರಕೆ ಹೊತ್ತು ಬಿಟ್ಟವರು ವಾಘ್ಯಾ, ಮುರಳಿ. ಎಲ್ಲಮ್ಮನಿಗೆ ಬಿಟ್ಟವರು ಜೋಗತಿ, ಜೋಗಪ್ಪ. ಸವದತ್ತಿಯ ಗುಡ್ಡ ದೂರವಾದರೂ ಅಥಣಿ ತಾಲ್ಲೂಕಿನ ಕೋಕಟನೂರಿನಲ್ಲಿ ಎಲ್ಲಮ್ಮನಿದ್ದಾಳೆ, ಗಡಿ ದಾಟಿದರೆ ಜತ್ತಿನಲ್ಲೂ ಇದ್ದಾಳೆ. ಹಾಗಾಗಿ ನಮ್ಮ ಕಡೆ ಬೆಳೆದ ಯಾರಿಗೂ ಜೋಗಪ್ಪನನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಮಂಗಳವಾರ ಅಥವಾ ಶುಕ್ರವಾರ, ತಲೆಯ ಮೇಲೆ ದೇವಿಯ ಕೊಡ, ಕೈಯಲ್ಲಿ ಚೌಡಿಕೆ, ಕೊರಳಲ್ಲಿ ಕೆಂಪು ಬಿಳಿ ಮುತ್ತು, ಮೈತುಂಬ ಸೀರೆ. ಬಾಗಿಲಲ್ಲಿ ‘ಉಧೋ ಉಧೋ’ ಕೇಳಿಸಿತೆಂದರೆ ಒಳಗಿನಿಂದ ಯಾರಾದರೂ ಮೊರದಲ್ಲಿ ಜೋಳ ತಂದು ಭಿಕ್ಷೆಯ ಪಡ್ಡಲಗಿಗೆ ಹಾಕುತ್ತಾರೆ. ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಹುಡುಗರಿಗೆ ಕಾಲು ಮುಟ್ಟಲು ಹೇಳುತ್ತಾರೆ. ಆಮೇಲೆ ಬಾಗಿಲು ಮುಂದಾಗುತ್ತದೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. 2020ರಲ್ಲಿ ಸ್ಯಾಮ್ ಫೆಡರ್ ನಿರ್ದೇಶಿಸಿದ ‘ಡಿಸ್‌ಕ್ಲೋಷರ್’ ಎಂಬ ಅಮೆರಿಕದ ಸಾಕ್ಷ್ಯಚಿತ್ರ ಬಂತು. ನೂರು ವರ್ಷಗಳಲ್ಲಿ ಹಾಲಿವುಡ್ ಟ್ರಾನ್ಸ್‌ಜೆಂಡರ್ ಜನರನ್ನು ಹೇಗೆಲ್ಲ ತೋರಿಸಿತು ಎಂದು ಅದೇ ಸಮುದಾಯದ ನಟ ನಟಿಯರು, ಬರಹಗಾರರು ಕೂತು ಲೆಕ್ಕ ಒಪ್ಪಿಸುವ ಚಿತ್ರ. ಅದರಲ್ಲಿ ಬರುವ ಒಂದು ಸಮೀಕ್ಷೆಯ ಪ್ರಕಾರ ಅಮೆರಿಕನ್ನರಲ್ಲಿ ಸುಮಾರು ಶೇ 80ರಷ್ಟು ಜನರಿಗೆ ಟ್ರಾನ್ಸ್‌ಜೆಂಡರ್ ವ್ಯಕ್ತಿಯೊಬ್ಬರ ನೇರ ಪರಿಚಯವೇ ಇಲ್ಲ. ಅವರಿಗೆ ಗೊತ್ತಿರುವುದೆಲ್ಲ ಪರದೆಯಿಂದ ಬಂದದ್ದು. ಇಡೀ ಚಿತ್ರ ನಿಂತಿರುವುದು ಈ ಮಾತಿನ ಮೇಲೆ. ಕಂಡರಿಯದವರ ಬಗ್ಗೆ ಸುಳ್ಳು ತೋರಿಸಿದರೆ ಸುಳ್ಳೇ ಉಳಿಯುತ್ತದೆ, ನಿಜ ತೋರಿಸಿದರೆ ನಿಜ ಉಳಿಯುತ್ತದೆ. ಒಪ್ಪತಕ್ಕ ಮಾತೇ. ಆದರೆ ಕಾಗವಾಡ, ರಾಯಬಾಗ, ಚಿಕ್ಕೋಡಿಯ ಕಡೆಗೆ ಇದು ಹೊಂದುವುದಿಲ್ಲ. ಇಲ್ಲಿ ಎಲ್ಲರಿಗೂ ಪರಿಚಯವಿದೆ, ಅದೂ ಹುಟ್ಟಿದಾಗಿನಿಂದ. ಆ ಪರಿಚಯ ಹೊಸ್ತಿಲ ತನಕ ಮಾತ್ರ. ಕೊಡ ಹೊತ್ತು ಬಂದವಳು ಆಮೇಲೆ ಎಲ್ಲಿಗೆ ಹೋಗುತ್ತಾಳೆ, ರಾತ್ರಿ ಯಾರ ಜೊತೆ ಉಣ್ಣುತ್ತಾಳೆ, ಅಣ್ಣ ತಮ್ಮಂದಿರು ಹೊಲ ಹಂಚಿಕೊಂಡಾಗ ಅವಳ ಪಾಲಿಗೆ ಏನು ಬಂತು ಎಂದು ಕೇಳಿದವರು ಕಡಿಮೆ. ಸಾಕ್ಷ್ಯಚಿತ್ರ ಮಾಡುವವರು ಇಲ್ಲಿಗೆ ಬಂದಾಗಲೂ ಬಹುಪಾಲು ಕ್ಯಾಮೆರಾ ನಿಲ್ಲಿಸಿದ್ದು ಅದೇ ಹೊಸ್ತಿಲ ಈಚೆಗೇ. ಕೊಡ, ಕುಣಿತ, ಭಂಡಾರ, ಜಡೆ ಚಿತ್ರಕ್ಕೆ ಸಿಕ್ಕವು. ಬದುಕು ಸಿಗಲಿಲ್ಲ.

ಮೈ ಬದಲಾದ ಕಥೆ

ಜೋಗಪ್ಪರ ಬದಲಾವಣೆ ಯಾವುದು, ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೆ ಅವರದ್ದೇ ಪುರಾಣವಿದೆ. ಜಮದಗ್ನಿ ಸಿಟ್ಟಾಗಿ ಹೆಂಡತಿ ರೇಣುಕೆಯ, ಅಂದರೆ ಎಲ್ಲಮ್ಮನ, ತಲೆ ಕಡಿಯಿರಿ ಎಂದು ಮಕ್ಕಳಿಗೆ ಹೇಳಿದ. ಪರಶುರಾಮ ಒಪ್ಪಿದ, ಮಿಕ್ಕವರು ಒಪ್ಪಲಿಲ್ಲ. ಒಪ್ಪದವರಿಗೆ ಗಂಡಸುತನ ಹೋಗಲಿ ಎಂದು ಅಪ್ಪನ ಶಾಪ. ಆ ಮಕ್ಕಳ ಸಾಲಿನವರೇ ತಾವು ಎನ್ನುತ್ತಾರೆ ಜೋಗಪ್ಪರು. ನಾವು ಪರಶುರಾಮನ ಆಜ್ಞಾಪಾಲನೆಯನ್ನು ಹೊಗಳುತ್ತಾ ಬೆಳೆದವರು. ತಾಯಿಯ ಮೇಲೆ ಕೊಡಲಿ ಎತ್ತಲಾರೆ ಎಂದವರ ಕಥೆಯನ್ನು ಅವರ ಕಡೆಯಿಂದ ಕೇಳಿಸಿಕೊಂಡರೆ ಅದರ ತೂಕವೇ ಬೇರೆ.

ಪುರಾಣ ಹಾಗಿರಲಿ, ದಿನದ ಬದುಕಿನಲ್ಲಿ ಅದು ‘ಎಲ್ಲಮ್ಮನ ಕಾಟ’ವಾಗಿ ಬರುತ್ತದೆ. ಹುಡುಗ ರಂಗೋಲಿ, ನೀರು ತರುವುದು, ಅಕ್ಕಂದಿರ ಲಂಗ ಎಂದು ಆ ಕಡೆಗೇ ವಾಲುತ್ತಾನೆ. ಮನೆಯವರು ಬಡಿಯುತ್ತಾರೆ, ಕಟ್ಟಿಹಾಕುತ್ತಾರೆ, ವೈದ್ಯರಿಗೆ ತೋರಿಸುತ್ತಾರೆ. ವಾಸಿಯಾಗದ ಕಜ್ಜಿಯೋ, ತಲೆಯಲ್ಲಿ ಬಿದ್ದ ಜಡೆಯೋ, ಮೇಲಿಂದ ಮೇಲೆ ಬರುವ ಜಡ್ಡೋ ಕಂಡಾಗ ಹೇಳಿಕೆ ಕೇಳುತ್ತಾರೆ. ತಾಯಿ ಹಿಡಿದಿದ್ದಾಳೆ, ಬಿಡುವುದಿಲ್ಲ ಎಂದು ಉತ್ತರ ಬರುತ್ತದೆ. ಕಡೆಗೆ ಮುತ್ತು ಕಟ್ಟಿಸಿ ದೇವಿಗೆ ಬಿಡುತ್ತಾರೆ. ಬ್ರಿಟಿಷ್ ಮಾನವಶಾಸ್ತ್ರಜ್ಞ ನಿಕೋಲಸ್ ಬ್ರಾಡ್‌ಫರ್ಡ್ ಎಲ್ಲಮ್ಮನ ಪಂಥದಲ್ಲಿನ ಈ ಮಾರ್ಪಾಟಿನ ಬಗ್ಗೆ 1983ರಲ್ಲೇ ಬರೆದ. ಕಾವು, ಕಾಮ, ಕಾಯಿಲೆ ಮೂರನ್ನೂ ಒಂದೇ ನೂಲಿನಲ್ಲಿ ಪೋಣಿಸಿ ನೋಡಿದ ಲೇಖನ ಅದು. ಬೆಂಗಳೂರಿನ ‘ಅನೇಕ’ ಎಂಬ ಸಂಸ್ಥೆ ಜೋಗಪ್ಪರ ಕುರಿತು ನಡೆಸಿದ ಅಧ್ಯಯನ ಇನ್ನೊಂದು ಮುಖ್ಯ ಸಂಗತಿಯನ್ನು ದಾಖಲಿಸಿದೆ. ಹಿಜಡಾ ಸಮುದಾಯದಲ್ಲಿ ನಿರ್ವಾಣಕ್ಕೆ, ಅಂದರೆ ಅಂಗ ತೆಗೆಸುವ ವಿಧಿಗೆ, ಇರುವ ಸ್ಥಾನ ಜೋಗಪ್ಪರ ಸಂಪ್ರದಾಯದಲ್ಲಿ ಇಲ್ಲ. ಅಂಗ ಕತ್ತರಿಸುವುದು ಇಲ್ಲಿ ಕಡ್ಡಾಯವಲ್ಲ, ಎಷ್ಟೋ ಹಿರಿಯರಿಗೆ ಒಪ್ಪಿಗೆಯೂ ಅಲ್ಲ. ದೇವಿ ಕೊಟ್ಟ ಮೈಯಲ್ಲೇ ದೇವಿ ಬಂದು ಕೂತಿದ್ದಾಳೆ, ಅದಕ್ಕೆ ಕತ್ತಿ ಯಾಕೆ ಎಂಬ ನಿಲುವು. ಈಗಿನ ಹುಡುಗರಲ್ಲಿ ಕೆಲವರು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದಾರೆ, ಅದರ ಬಗ್ಗೆ ಒಳಗೇ ಜಗಳವೂ ಇದೆ.

ಇಲ್ಲೇ ಸಾಕ್ಷ್ಯಚಿತ್ರಗಳಿಗೆ ತೊಡಕು. ಲಿಂಗ ಪರಿವರ್ತನೆಯ ಸಿನಿಮಾ ಅಂದರೆ ಅದಕ್ಕೊಂದು ಅಚ್ಚು ಎಂದೋ ಬಿದ್ದುಹೋಗಿದೆ. ಮೊದಲು ಹಳೆಯ ಫೋಟೊ, ನಂತರ ಕನ್ನಡಿಯ ಮುಂದೆ ಲಿಪ್‌ಸ್ಟಿಕ್, ಆಮೇಲೆ ಆಸ್ಪತ್ರೆಯ ಉದ್ದನೆಯ ಪಡಸಾಲೆ, ಕಡೆಗೆ ಹೊಸ ಹೆಸರು. ಈ ಅಚ್ಚು ಹಾಕಿಕೊಟ್ಟ ಮುಖ್ಯ ಚಿತ್ರಗಳಲ್ಲಿ ಒಂದು ಬಿಬಿಸಿಯ ‘ಎ ಚೇಂಜ್ ಆಫ್ ಸೆಕ್ಸ್’. ಡೇವಿಡ್ ಪಿಯರ್ಸನ್ ನಿರ್ದೇಶನದಲ್ಲಿ 1979ರಲ್ಲಿ ಶುರುವಾಗಿ 1999ರ ತನಕ ಬಿಟ್ಟು ಬಿಟ್ಟು ಬಂದ ಸರಣಿ. ಜೂಲಿಯಾ ಗ್ರಾಂಟ್ ಎಂಬಾಕೆಯ ಬೆನ್ನು ಹತ್ತಿ ನಡೆದ ಆ ಕ್ಯಾಮೆರಾ ಗಂಡಿನಿಂದ ಹೆಣ್ಣಾಗುವ ದಾರಿಯನ್ನು ಒಂದೊಂದೇ ಹೆಜ್ಜೆ ತೋರಿಸಿತು. ಆದರೆ ನೋಡಿದವರ ನೆನಪಿನಲ್ಲಿ ಉಳಿದದ್ದು ಶಸ್ತ್ರಚಿಕಿತ್ಸೆಯಲ್ಲ, ಮನೋವೈದ್ಯನ ದನಿ. ಅವನ ಮುಖ ಪರದೆಯ ಮೇಲೆ ಬರುವುದಿಲ್ಲ, ಗದರುವುದು ಮಾತ್ರ ಕೇಳಿಸುತ್ತದೆ. ನೀನು ಹೆಂಗಸೋ ಅಲ್ಲವೋ ಎಂದು ತೀರ್ಮಾನಿಸುವವನು ತಾನು ಎಂಬ ಠೀವಿ ಆ ದನಿಯಲ್ಲಿ. ಚಿತ್ರ ಅಂದುಕೊಂಡು ಹಿಡಿದದ್ದೋ, ಅಂದುಕೊಳ್ಳದೆ ಸಿಕ್ಕಿದ್ದೋ, ಆ ಒಂದು ದನಿಗಾಗಿ ಆ ಸರಣಿಯನ್ನು ಈಗಲೂ ನೋಡಬಹುದು.

ಅಚ್ಚನ್ನು ಮುರಿದದ್ದು ಕೇಟ್ ಡೇವಿಸ್‌ಳ ‘ಸದರ್ನ್ ಕಂಫರ್ಟ್’. 2001ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದ ಅತ್ಯುನ್ನತ ಸಾಕ್ಷ್ಯಚಿತ್ರ ಪ್ರಶಸ್ತಿ ಪಡೆದ ಸಿನಿಮಾ. ಅಮೆರಿಕದ ಜಾರ್ಜಿಯಾ ರಾಜ್ಯದ ಹಳ್ಳಿಗಾಡಿನವನು ರಾಬರ್ಟ್ ಈಡ್ಸ್. ಹೆಣ್ಣಾಗಿ ಹುಟ್ಟಿ, ಮಕ್ಕಳನ್ನು ಹೆತ್ತು, ನಂತರ ಗಂಡಸಾಗಿ ಬಾಳಿದವನು. ಗಡ್ಡ ಬಿಟ್ಟು, ಪೈಪು ಸೇದುತ್ತಾ ಕೂತ ಅವನಿಗೆ ಅಂಡಾಶಯದ ಕ್ಯಾನ್ಸರ್. ಇಪ್ಪತ್ತಕ್ಕೂ ಹೆಚ್ಚು ವೈದ್ಯರು ಅವನನ್ನು ಮುಟ್ಟಲು ಒಪ್ಪಲಿಲ್ಲ. ಇಂಥ ರೋಗಿ ಬಂದರೆ ಬೇರೆ ರೋಗಿಗಳಿಗೆ ಮುಜುಗರ ಎಂಬ ನೆಪ. 1999ರ ಜನವರಿಯಲ್ಲಿ ತೀರಿಕೊಂಡ. ಕ್ಯಾಮೆರಾ ಬರುವ ಹೊತ್ತಿಗೆ ಪರಿವರ್ತನೆ ಎಂದೋ ಮುಗಿದ ಸಂಗತಿ. ಚಿತ್ರದ ತುಂಬ ಅಡುಗೆ, ಗೆಳೆಯರು, ಪ್ರೀತಿಸಿದವಳು, ಮುಂದಿನ ತಿಂಗಳ ಚಿಂತೆ. ಪರಿವರ್ತನೆಯ ದಿನವನ್ನು ಬಿಟ್ಟುಕೊಟ್ಟಿದ್ದರಿಂದ ಆ ಚಿತ್ರಕ್ಕೆ ಮಿಕ್ಕ ದಿನಗಳೆಲ್ಲ ಸಿಕ್ಕವು.

ನಮ್ಮಲ್ಲಿ ಅಂಥದ್ದಕ್ಕೆ ಸಮನಾಗಿ ನಿಲ್ಲುವುದು ಅಂಜಲಿ ಮೊಂತೆರೊ, ಕೆ.ಪಿ. ಜಯಶಂಕರ್ ಜೋಡಿ ತಮಿಳುನಾಡಿನಲ್ಲಿ ತೆಗೆದ ‘ಅವರ್ ಫ್ಯಾಮಿಲಿ’. 2007ರದ್ದು. ಆಶಾ, ಸೀತಾ, ಧನಾ ಎಂಬ ಮೂವರು ದತ್ತಿನ ನಂಟಿನಿಂದ ತಾಯಿ, ಮಗಳು, ಮೊಮ್ಮಗಳಾದ ಮನೆಯ ಕಥೆ. ನಿರ್ವಾಣದ ಸಂಗತಿಯನ್ನು ನಿರ್ದೇಶಕರು ಮುಚ್ಚಿಟ್ಟಿಲ್ಲ, ಆದರೆ ಅದನ್ನು ಆ ಮನೆಯವರ ಮೈಮೇಲೆ ಹುಡುಕಿಲ್ಲ. ಪ್ರೀತಂ ಚಕ್ರವರ್ತಿ ರಂಗದ ಮೇಲೆ ಒಬ್ಬಳೇ ನಿಂತು ಹೇಳುವ ನಾಟಕದ ಭಾಗಗಳಾಗಿ ಅದು ನಡುನಡುವೆ ಬರುತ್ತದೆ. ನೋವು ರಂಗದ ಮೇಲೆ, ಸಂಸಾರ ಮನೆಯಲ್ಲಿ. ಈ ಏರ್ಪಾಟಿನಿಂದ ನೋಡುವವನ ಕೆಟ್ಟ ಕುತೂಹಲಕ್ಕೆ ತೀನಿ ಸಿಗುವುದಿಲ್ಲ, ವಿಷಯವೂ ತಪ್ಪುವುದಿಲ್ಲ. ಇಷ್ಟು ಜಾಣತನ ತೋರಿದ ಚಿತ್ರಗಳನ್ನು ನಾನು ಹೆಚ್ಚು ಕಂಡಿಲ್ಲ.

ಬಣ್ಣಕ್ಕೆ ಬಂದ ಬಹುಮಾನ

ಸಾಕ್ಷ್ಯಚಿತ್ರದ ಮಾತಿನ ನಡುವೆ ಎರಡು ಕಥಾಚಿತ್ರಗಳನ್ನು ತರಲೇಬೇಕು, ಏಕೆಂದರೆ ಗಡಿಯ ಎರಡೂ ಬದಿಯಲ್ಲಿ ಜನ ನೋಡಿದ್ದು ಅವನ್ನೇ. ಮೊದಲನೆಯದು ರಾಜೀವ್ ಪಾಟೀಲರ ಮರಾಠಿ ಚಿತ್ರ ‘ಜೋಗವಾ’. ಗಡಹಿಂಗ್ಲಜದ ಲೇಖಕ ರಾಜನ್ ಗವಸ್ ಜೋಗತ್ಯಾ, ಜೋಗತಿಣಿಯರ ಮೇಲೆ ಬರೆದ ಕಾದಂಬರಿಗಳು ಅದರ ಬೇರು. ಸೀರೆ ಉಟ್ಟು ದೇವಿಯ ಹೆಸರಲ್ಲಿ ಬದುಕಬೇಕಾಗಿ ಬಂದ ತಾಯಪ್ಪನ ಪಾತ್ರಕ್ಕೆ ಉಪೇಂದ್ರ ಲಿಮಯೆಗೆ 56ನೇ ರಾಷ್ಟ್ರಪ್ರಶಸ್ತಿಯಲ್ಲಿ ಶ್ರೇಷ್ಠ ನಟ ಗೌರವ ಬಂತು. ಎರಡನೆಯದು ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’. ಲಿವಿಂಗ್ ಸ್ಮೈಲ್ ವಿದ್ಯಾ ತಮಿಳಿನಲ್ಲಿ ಬರೆದ ಆತ್ಮಕಥೆ ಅದರ ಮೂಲ. ಸಂಚಾರಿ ವಿಜಯ್‌ಗೆ 62ನೇ ರಾಷ್ಟ್ರಪ್ರಶಸ್ತಿಯಲ್ಲಿ ಶ್ರೇಷ್ಠ ನಟ ಗೌರವ, ಅದೇ ಚಿತ್ರದ ಪ್ರಸಾಧನ ಕಲಾವಿದರಾದ ನಾಗರಾಜು, ರಾಜು ಅವರಿಗೂ ಪ್ರಶಸ್ತಿ.

ಎರಡೂ ಚಿತ್ರಗಳ ಬಗ್ಗೆ ನನಗೆ ಗೌರವವಿದೆ. 2021ರ ಜೂನ್‌ನಲ್ಲಿ ಅಪಘಾತದಲ್ಲಿ ತೀರಿಕೊಂಡ ವಿಜಯ್ ಆ ಪಾತ್ರಕ್ಕೆ ಕೊಟ್ಟ ಶ್ರಮವೂ ಸಣ್ಣದಲ್ಲ. ಆದರೂ ಪ್ರಶಸ್ತಿ ಯಾವುದಕ್ಕೆ ಬಂತು ನೋಡಿ. ಗಂಡು ನಟನೊಬ್ಬ ಹೆಣ್ಣಾದದ್ದಕ್ಕೆ, ಅವನನ್ನು ಹೆಣ್ಣಾಗಿಸಿದ ಬಣ್ಣಕ್ಕೆ. ಚಿತ್ರಮಂದಿರದಿಂದ ಹೊರಬಂದವರು ಆಡಿಕೊಂಡದ್ದೂ ಎಷ್ಟು ಚೆನ್ನಾಗಿ ಮಾಡಿದ್ದಾನೆ ಎಂದೇ. ವಿದ್ಯಾಳ ಕಥೆ ಹಿಂದೆ ಸರಿದು, ವಿಜಯ್‌ನ ರೂಪಾಂತರ ಮುಂದೆ ಬಂತು. ಪರಿವರ್ತನೆಯನ್ನು ಒಂದು ಚಮತ್ಕಾರವಾಗಿ ನೋಡುವ ಚಟ ಸಾಕ್ಷ್ಯಚಿತ್ರಕ್ಕೆ ಮಾತ್ರ ಅಂಟಿದ್ದಲ್ಲ.

ಚಟ ನಮಗೆ ಹಳೆಯದು ಕೂಡ. ಮರಾಠಿ ಸಂಗೀತ ನಾಟಕವನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನವರು. ಅವರ ಹೆಸರಿನ ಕಂಪನಿಗೆ 1905ರಲ್ಲಿ ಸೇರಿದ ಬಾಲಗಂಧರ್ವರು ಶಕುಂತಲೆಯಾಗಿ ರಂಗಕ್ಕೆ ಬಂದದ್ದು ಮಿರಜಿನಲ್ಲಿ. ಅಲ್ಲಿನ ರಂಗಮಂದಿರಕ್ಕೆ ಈಗಲೂ ಅವರದೇ ಹೆಸರು. ದೊಡ್ಡ ಮನೆತನದ ಹೆಂಗಸರು ಅವರು ಸೀರೆ ಉಡುವ ರೀತಿ, ಹೂ ಮುಡಿಯುವ ರೀತಿ ನೋಡಿ ಕಲಿತರು. ಗಂಡಸು ಸೀರೆ ಉಟ್ಟು ರಂಗದ ಮೇಲೆ ನಿಂತರೆ ಗಂಧರ್ವ, ಮನೆಯಲ್ಲಿ ಉಟ್ಟರೆ ಮೈಮುರಿ ಏಟು. ದೀಪದ ಬೆಳಕು ಇರುವ ತನಕ ಒಪ್ಪಿಗೆ ಇದೆ.

ನಮ್ಮನ್ನು ಕೇಳಿದಿರೇನು?

ಮಂಗಸೂಳಿಯಿಂದ ಮಿರಜ ದಾಟಿದರೆ ಸಾಂಗ್ಲಿ. ಅಲ್ಲಿನ ಸಂಗ್ರಾಮ್ ಸಂಸ್ಥೆ 1992ರಿಂದ ಲೈಂಗಿಕ ಕಾರ್ಯಕರ್ತೆಯರ ನಡುವೆ ಕೆಲಸ ಮಾಡುತ್ತಿದೆ. ಅದರ ಒಡಲಲ್ಲಿ ಹುಟ್ಟಿದ ವ್ಯಾಂಪ್ ಎಂಬ ಹೆಂಗಸರದೇ ಕೂಟವಿದೆ, ಗಂಡು ಮತ್ತು ಟ್ರಾನ್ಸ್‌ಜೆಂಡರ್ ಲೈಂಗಿಕ ಕಾರ್ಯಕರ್ತರದ್ದು ಮುಸ್ಕಾನ್. 2010ರಲ್ಲಿ ಸಾರಾ ಹ್ಯಾರಿಸ್ ಎಂಬ ಇಂಗ್ಲಿಷ್ ಪತ್ರಕರ್ತೆ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಸಾಕ್ಷ್ಯಚಿತ್ರ ಸರಣಿಯನ್ನು ಹೊರತಂದಳು. ಉತ್ತರ ಕರ್ನಾಟಕ ಮತ್ತು ಸಾಂಗ್ಲಿಯ ದೇವದಾಸಿಯರು ಅದರ ವಸ್ತು. ಹೆಸರೇ ಹೇಳುವ ಹಾಗೆ ಅದು ದೂರದ ನೋಡುಗರ ಹುಬ್ಬೇರಿಸಲು ಮಾಡಿದ ಚಿತ್ರ.

ಇಂಥವು ಹಿಂದೆಯೂ ಬಂದಿದ್ದವು. ಹಿಂದಿನವುಗಳಿಗಿಲ್ಲದ ಒಂದು ಸಂಗತಿ ಈ ಸಲ ನಡೆಯಿತು. ವ್ಯಾಂಪ್‌ನ ಹೆಂಗಸರು ಚಿತ್ರವನ್ನು ನೋಡಿದರು. ತಮ್ಮ ಬಗ್ಗೆ ಏನು ಹೇಳಲಾಗಿದೆ ಎಂದು ತಿಳಿದು, ಕ್ಯಾಮೆರಾದ ಮುಂದೆ ಕೂತು ಉತ್ತರ ಕೊಟ್ಟು, ಆ ವಿಡಿಯೊ ಎಲ್ಲರಿಗೂ ಕಾಣುವಂತೆ ಹರಿಯಬಿಟ್ಟರು. ಮನೆಗೆ ಬಂದವಳನ್ನು ನಂಬಿ ಒಳಗೆ ಬಿಟ್ಟುಕೊಂಡೆವು, ನಮ್ಮ ಬದುಕನ್ನು ಅವಳು ಹೀಗೆ ತಿರುಚಿ ಮಾರಿಕೊಂಡಳು ಎಂಬುದು ಆ ಸಿಟ್ಟಿನ ಸಾರ. ಚಿತ್ರಿತರಾದವರು ಚಿತ್ರಿಸಿದವರಿಗೆ ತಿರುಗಿ ಉತ್ತರ ಹೇಳಿದ ಇಂಥ ಉದಾಹರಣೆ ಈ ಸೀಮೆಯಲ್ಲಿ ನನಗೆ ಇನ್ನೊಂದು ಗೊತ್ತಿಲ್ಲ. ಆ ಸರಣಿಗಿಂತ ಆ ಉತ್ತರವೇ ಒಳ್ಳೆಯ ಸಾಕ್ಷ್ಯಚಿತ್ರ ಎಂದು ನನ್ನ ಎಣಿಕೆ. ಎಲ್ಲಮ್ಮನಿಗೆ ಬಿಟ್ಟ ಹೆಂಗಸರ ಕಥೆಯೂ ಜೋಗಪ್ಪರ ಕಥೆಯೂ ಬೇರೆ ಬೇರೆ, ಆದರೆ ಗುಡ್ಡ ಒಂದೇ, ಮುತ್ತು ಒಂದೇ, ಬಂದಿಳಿಯುವ ಕ್ಯಾಮೆರಾವೂ ಒಂದೇ. 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಹೆಂಗಸರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿತು. ಮುತ್ತು ಕಟ್ಟಿಸಿಕೊಂಡ ಜೋಗಪ್ಪ ಆ ಕಾನೂನಿನ ಕಣ್ಣಿಗೆ ಬೀಳಲೇ ಇಲ್ಲ, ಅದರ ಹಿಂದೆ ಬಂದ ಪುನರ್ವಸತಿಯ ಕಣ್ಣಿಗೂ ಬೀಳಲಿಲ್ಲ.

ಸಾಂಗ್ಲಿಯ ಹೆಂಗಸರ ಈ ಉತ್ತರಕ್ಕಿಂತ ಎಷ್ಟೋ ಮೊದಲೇ, 1986ರ ಮಾರ್ಚ್‌ನಲ್ಲಿ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಭಕ್ತರಿಗೂ ಹೊರಗಿನ ಕಣ್ಣಿಗೂ ದೊಡ್ಡ ಜಟಾಪಟಿ ನಡೆದಿತ್ತು. ಬೆತ್ತಲೆ ಸೇವೆಯನ್ನು ತಡೆಯಲು ಸುಧಾರಕರು ಬಂದರು, ಪೊಲೀಸರು ಬಂದರು, ಅದರ ಚಿತ್ರ ತೆಗೆಯಲು ಛಾಯಾಗ್ರಾಹಕರೂ ಬಂದರು. ಭಕ್ತರು ತಿರುಗಿಬಿದ್ದರು, ಪೊಲೀಸರದ್ದೇ ಬಟ್ಟೆ ಬಿಚ್ಚಿಸಿ ನಡೆಸಿದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಯು.ಆರ್. ಅನಂತಮೂರ್ತಿ ಈ ಘಟನೆಯನ್ನೇ ಇಟ್ಟುಕೊಂಡು, ತಮ್ಮಂಥ ಆಧುನಿಕರ ನೋಟದ ಮೇಲೇ ಅನುಮಾನಪಟ್ಟು ಪ್ರಬಂಧ ಬರೆದರು. ನಿಷೇಧ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ನಾನಂತೂ ನಿಷೇಧದ ಪರ. ಆದರೆ ಭಕ್ತನ ಪಾಲಿಗೆ ಅಲ್ಲಿ ಬೆತ್ತಲೆ ಇರಲಿಲ್ಲ. ಕ್ಯಾಮೆರಾ ಬಂದ ಮೇಲೆ ಬೆತ್ತಲೆ ಹುಟ್ಟಿತು. ಜಾತ್ರೆಯಲ್ಲಿ ಜೋಗಪ್ಪನ ಎದೆ, ಸೊಂಟ, ಗಡ್ಡದ ಕುರುಹು ಹುಡುಕಿ ಹತ್ತಿರದಿಂದ ಹಿಡಿದ ಚಿತ್ರಗಳನ್ನು ಕಂಡಾಗಲೆಲ್ಲ ಆ ಪ್ರಬಂಧ ನೆನಪಾಗುತ್ತದೆ.

ದುಡ್ಡಿನ ಮಾತನ್ನೂ ಇಲ್ಲೇ ಆಡಿಬಿಡಬೇಕು. ನ್ಯೂಯಾರ್ಕಿನ ಬಡ ಕರಿಯ ಮತ್ತು ಲ್ಯಾಟಿನೊ ಸಮುದಾಯದ ಟ್ರಾನ್ಸ್‌ಜೆಂಡರ್, ಗೇ ಜನರ ನರ್ತನ ಕೂಟಗಳ ಬಗ್ಗೆ ಜೆನ್ನಿ ಲಿವಿಂಗ್‌ಸ್ಟನ್ ತೆಗೆದ ‘ಪ್ಯಾರಿಸ್ ಈಸ್ ಬರ್ನಿಂಗ್’ 1990ರಲ್ಲಿ ಬಂದು ಜಗತ್ತೆಲ್ಲ ಓಡಿತು. ಅದರಲ್ಲಿ ಕಾಣಿಸಿಕೊಂಡವರು ತಮ್ಮ ಪಾಲು ಕೇಳಿದರು. ಕಡೆಗೆ 13 ಜನರಿಗೆ ಹಂಚಿದ್ದು ಸುಮಾರು 55 ಸಾವಿರ ಡಾಲರ್. ಅಷ್ಟಾದರೂ ಸಿಕ್ಕಿತು. ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ಬಾರಿಸಿದವರಿಗೆ ಐವತ್ತೋ ನೂರೋ ಕೈಗಿಟ್ಟು ಹೊರಟ ತಂಡಗಳೇ ಹೆಚ್ಚು.

ಬೆಂಗಳೂರಿನ ಪೆಟ್ಟಿಗೆಗಳು

ರಾಜಧಾನಿಯಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1990ರಲ್ಲೇ ಪ್ರೇಮ್ ಕಲ್ಲಿಯಾತ್ ಬೆಂಗಳೂರಿನ ಜರೀನಾ ಎಂಬ ಹಿಜಡಾಳ ಬದುಕಿನ ಮೇಲೆ ಒಂದು ಕಿರುಚಿತ್ರ ಮಾಡಿದ್ದರು. ಆಮೇಲೆ 1999ರಲ್ಲಿ ಸಂಗಮ ಸಂಸ್ಥೆ ಹುಟ್ಟಿತು, 2003ರಲ್ಲಿ ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ‘ಕೋಥಿ’ (ಹೆಣ್ತನದ ಗಂಡಸರು) ಮತ್ತು ಹಿಜಡಾ ಲೈಂಗಿಕ ಕಾರ್ಯಕರ್ತರ ಮೇಲಿನ ದೌರ್ಜನ್ಯದ ವರದಿ ತಂದಿತು. ಹಿಜಡಾಗಳ ಸ್ನಾನಗೃಹಗಳಾದ ಹಮಾಮುಗಳಲ್ಲಿ, ಪೊಲೀಸ್ ಠಾಣೆಗಳಲ್ಲಿ ನಡೆಯುವುದು ಅಚ್ಚಾಗಿ ಹೊರಬಂತು. 2004ರಲ್ಲಿ ಟಿ. ಜಯಶ್ರೀ ‘ಮೆನಿ ಪೀಪಲ್, ಮೆನಿ ಡಿಸೈರ್ಸ್’ ಮಾಡಿದರು. ಅದರಲ್ಲಿ ಮಾತಾಡುವವರು ಕ್ಯಾಮೆರಾದತ್ತ ನೇರವಾಗಿ ನೋಡಿ, ತಮಗೆ ಬೇಕಾದಷ್ಟು ಹೇಳಿ, ಬೇಡವಾದಲ್ಲಿ ನಿಲ್ಲಿಸುತ್ತಾರೆ.

ಜಯಶ್ರೀ ಅವರ ಕೆಲಸದಲ್ಲಿ ಸಿನಿಮಾಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆಯಿತು. ಪ್ರತಿ ಸಾಕ್ಷ್ಯಚಿತ್ರದ ಹಿಂದೆಯೂ ಬಳಸದೆ ಉಳಿದ ತಾಸುಗಟ್ಟಲೆ ಟೇಪು ಇರುತ್ತದೆ. ಸಾಮಾನ್ಯವಾಗಿ ಅದು ನಿರ್ದೇಶಕರ ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತದೆ. ಜಯಶ್ರೀ ತಮ್ಮ ಟೇಪುಗಳನ್ನು ಮುಂದಿಟ್ಟುಕೊಂಡು ಕಮ್ರಾ ಎಂಬ ದಾಖಲೆ ಭಂಡಾರ ಕಟ್ಟಲು ತೊಡಗಿದರು. ಅದೀಗ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಆವರಣದಲ್ಲಿದೆ. ಹೋರಾಟದ ಕರಪತ್ರ, ಪತ್ರ, ಸಂದರ್ಶನ, ಕೋರ್ಟಿನ ಕಾಗದ ಎಲ್ಲವೂ ಅಲ್ಲಿ ಸೇರುತ್ತಿವೆ. ಹಿಂದೆ ಎಂದೋ ಮಾತಾಡಿದವರು ಈಗ ಬೇರೆ ಹೆಸರಲ್ಲಿ, ಬೇರೆ ಊರಲ್ಲಿ, ಬೇರೆ ನೌಕರಿಯಲ್ಲಿ ಇರಬಹುದು. ಅಂದು ಕೊಟ್ಟ ಒಪ್ಪಿಗೆ ಇಂದಿಗೂ ನಡೆಯುತ್ತದೆಯೇ, ಯಾರು ಯಾವುದನ್ನು ನೋಡಬಹುದು ಎಂಬ ಕಗ್ಗಂಟುಗಳು ಇಂಥ ಭಂಡಾರ ಕಾಯುವವರಿಗೆ ದಿನದ ಕೆಲಸ. ಚಿತ್ರೋತ್ಸವಗಳ ಚಪ್ಪಾಳೆಗಿಂತ ಈ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ.

ಕ್ಯಾಮೆರಾ ಕೈಬದಲಾಯಿಸಿದ್ದೂ ಇಲ್ಲೇ. ಬೆಂಗಳೂರಿನ ಕ್ರಿಸ್ಟಿ ರಾಜ್ ಟ್ರಾನ್ಸ್ ಗಂಡಸು. ವಿಡಿಯೊ ವಾಲಂಟಿಯರ್ಸ್ ಸಂಸ್ಥೆಯ ಸಮುದಾಯ ವರದಿಗಾರನಾಗಿ ತಾನೇ ಕ್ಯಾಮೆರಾ ಹಿಡಿದು ತನ್ನವರ ಸುದ್ದಿ ಮಾಡಿದವನು. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರನ್ನು ನಮ್ಮ ಚಿತ್ರಗಳು ಮರೆತದ್ದೇ ಹೆಚ್ಚು. ಸೀರೆ, ಕೊಡ, ಕುಣಿತ ಇಲ್ಲದ ಮೈ ಕ್ಯಾಮೆರಾಕ್ಕೆ ರುಚಿಸುವುದಿಲ್ಲವೋ ಏನೋ. ಜೋಗಪ್ಪರಿಗೆ ಗುಡ್ಡದಲ್ಲಾದರೂ ಒಂದು ಜಾಗವಿದೆ. ರಾಯಬಾಗದ ಯಾವುದೋ ಹಳ್ಳಿಯಲ್ಲಿ ಕೂದಲು ಕತ್ತರಿಸಿ ಪ್ಯಾಂಟು ಹಾಕಿದ ಹುಡುಗಿಗೆ ದೇವರೂ ಇಲ್ಲ, ಗುರುವೂ ಇಲ್ಲ. ಊರಿನವರು ಮದುವೆ ಮಾಡಿ ಕಳಿಸುತ್ತಾರೆ.

ಈ ಎಲ್ಲದರ ನಡುವೆ ಕರ್ನಾಟಕದಲ್ಲಿ ಅತಿ ಹೆಚ್ಚು ಜನ ನೋಡಿದ ಟ್ರಾನ್ಸ್‌ಜೆಂಡರ್ ದೃಶ್ಯ ಯಾವುದೆಂದು ಕೇಳಿದರೆ, ಬಹುಶಃ ಅದು ಯಾವ ನಿರ್ದೇಶಕರೂ ತೆಗೆದದ್ದಲ್ಲ. 2021ರ ನವೆಂಬರ್ 9, ರಾಷ್ಟ್ರಪತಿ ಭವನ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜುನಾಥ, ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿಯ ಮೇಳದಲ್ಲಿ ಬೆಳೆದು ಮಂಜಮ್ಮ ಜೋಗತಿ ಆದವರು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು, ಪದ್ಮಶ್ರೀ ತೆಗೆದುಕೊಳ್ಳಲು ನಡೆದು ಬರುತ್ತಾರೆ. ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು, ಸೆರಗು ಹಿಡಿದು ದೃಷ್ಟಿ ತೆಗೆಯುತ್ತಾರೆ. ಕೆಲವೇ ಕ್ಷಣ. ದೇಶದ ಮೊದಲ ಪ್ರಜೆ ನಗುತ್ತಾರೆ. ನಮ್ಮ ಬಾಗಿಲಲ್ಲಿ ಜೋಗತಿ ಮಾಡುವುದೂ ಅದನ್ನೇ. ಜಾಗ ಬದಲಾದ್ದರಿಂದ ಅದರ ಅರ್ಥ ಬದಲಾಯಿತು. ಅಲ್ಲಿದ್ದ ಸರ್ಕಾರಿ ಕ್ಯಾಮೆರಾಗಳು ಪ್ರಶಸ್ತಿ ಹಿಡಿಯಲು ಬಂದಿದ್ದವು, ಮಂಜಮ್ಮ ತಮಗೆ ಬೇಕಾದದ್ದನ್ನು ಹಿಡಿಸಿದರು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’ ಓದಿದವರಿಗೆ ಆ ಹೆಜ್ಜೆಗಳ ಹಿಂದೆ ವಿಷ ಕುಡಿದ ದಿನವೂ, ದೋಚಿಸಿಕೊಂಡ ರಾತ್ರಿಯೂ, ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಅಪ್ಪ ಮಗನ ಜೋಗತಿ ಕುಣಿತ ಕಂಡು ಬದುಕಲು ದಾರಿ ಸಿಕ್ಕ ಘಳಿಗೆಯೂ ಗೊತ್ತು. ಉಳಿದವರಿಗೆ ಆ ಸೆರಗಷ್ಟೇ ಕಂಡಿತು, ಅದರಲ್ಲಿ ತಪ್ಪಿಲ್ಲ.

ಗಡಿಯಲ್ಲಿ ತೆಗೆಯಬೇಕಾದ ಚಿತ್ರ

2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಶಸ್ತ್ರಚಿಕಿತ್ಸೆ ಆಗಿರಲೇಬೇಕು ಎನ್ನುವಂತಿಲ್ಲ ಎಂದಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಬಂದಾಗ ಗುರುತಿನ ಪತ್ರ ಕೊಡುವ ಅಧಿಕಾರ ಜಿಲ್ಲಾಧಿಕಾರಿಗೆ ಹೋಯಿತು. ಗಂಡು ಅಥವಾ ಹೆಣ್ಣು ಎಂದು ತಿದ್ದಿಸಬೇಕಾದರೆ ಆಸ್ಪತ್ರೆಯ ಪ್ರಮಾಣಪತ್ರ ತರಬೇಕೆಂದಾಯಿತು. ಸಿನಿಮಾದವರು ಕೇಳಿದ್ದನ್ನೇ ಕಾನೂನೂ ಕೇಳಿತು: ಗಾಯದ ಗುರುತು ತೋರಿಸು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಶೇ 1ರ ಮೀಸಲಾತಿ ಕೊಟ್ಟಿತು, ದೇಶದಲ್ಲಿ ಮೊದಲು. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ‘ಇತರೆ’ ಎಂದು ಬರೆಸಿದವರು 20,266. ಕೊಡ ಹೊತ್ತವರಲ್ಲಿ ಎಷ್ಟು ಜನರನ್ನು ಎಣಿಸುವವನು ಗಂಡಸು ಎಂದು ಬರೆದುಕೊಂಡು ಹೋದನೋ, ಆ ಲೆಕ್ಕ ಅದರಲ್ಲಿಲ್ಲ.

ಈ ಕಾಗದಗಳೆಲ್ಲ ಗಡಿಯಲ್ಲಿ ಹೇಗೆ ನಡೆಯುತ್ತವೆ ಎಂಬುದೇ ನೋಡಬೇಕಾದ ಚಿತ್ರ. ನಮ್ಮ ಕಡೆಯವರಿಗೆ ಜಡ್ಡು ಜಾಪತ್ರೆಗೆ ಮೊದಲಿನಿಂದಲೂ ಮಿರಜ. ಮಿಷನ್ ಆಸ್ಪತ್ರೆಯ ಕಾಲದಿಂದ ಅಥಣಿ, ರಾಯಬಾಗದ ರೋಗಿಗಳು ಆ ಕಡೆಗೇ ಗಾಡಿ ಹೂಡಿದವರು. ರೇಷನ್ ಕಾರ್ಡು ಕರ್ನಾಟಕದ್ದು, ಆಸ್ಪತ್ರೆ ಮಹಾರಾಷ್ಟ್ರದ್ದು, ಹೆಸರು ಮನೆಯವರು ಇಟ್ಟದ್ದು ಒಂದು, ಗುರು ಇಟ್ಟದ್ದು ಇನ್ನೊಂದು. ವಯಸ್ಸಾದ ಜೋಗಪ್ಪ ದಾಖಲಾಗಲು ಹೋದರೆ ಗಂಡಸರ ವಾರ್ಡೋ, ಹೆಂಗಸರ ವಾರ್ಡೋ? ಟ್ರಾನ್ಸ್‌ಜೆಂಡರ್ ಜನರಿಗಿರುವ ಮೈತ್ರಿ ಯೋಜನೆಯ ಮಾಸಾಶನ ಬರಲು ತಹಶೀಲ್ದಾರ ಕಚೇರಿಯಲ್ಲಿ ಯಾವ ಹೆಸರಿಗೆ ಸಹಿ? ಕಬ್ಬಿನ ಹೊಲದ ಉತಾರದಲ್ಲಿ ಹೆಸರಿದ್ದರೂ, ಕಾರ್ಖಾನೆಯ ಬಿಲ್ಲು ಅಣ್ಣನ ಖಾತೆಗೇ ಹೋದರೆ ಯಾರನ್ನು ಕೇಳಬೇಕು? ಸತ್ತ ಮೇಲೆ ಮಣ್ಣು ಮಾಡುವವರು ಹೆತ್ತವರೋ, ಜೋಗಪ್ಪರ ಬಳಗವೋ? ಈ ಪ್ರಶ್ನೆಗಳಲ್ಲಿ ಯಾವುದನ್ನೂ ಎಲ್ಲಮ್ಮನ ಜಾತ್ರೆಯಲ್ಲಿ ಕ್ಯಾಮೆರಾ ಇಟ್ಟು ಹಿಡಿಯಲು ಆಗುವುದಿಲ್ಲ. ಕಚೇರಿಯ ಸಾಲಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಬಾಡಿಗೆ ಖೋಲಿಯಲ್ಲಿ ಅವರ ಜೊತೆ ಬಹಳ ದಿನ ಕೂತರೆ ಸಿಗಬಹುದು.

ತೆಗೆಯುವವರು ಬಂದೇ ಬರುತ್ತಾರೆ. ಈಗ ಕಿಸೆಯಲ್ಲಿ ಕ್ಯಾಮೆರಾ ಇಲ್ಲದವರು ಯಾರು. ಬಂದವರು ಎರಡು ಕರಾರಿಗೆ ಒಪ್ಪಿದರೆ ಸಾಕೆನಿಸುತ್ತದೆ. ಚಿತ್ರ ಮುಗಿದ ಮೇಲೆ ಅದರ ಮೊದಲ ಪ್ರದರ್ಶನ ದೆಹಲಿಯಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಆಗದೆ, ಅದರಲ್ಲಿರುವವರ ಅಂಗಳದಲ್ಲಿ ಅವರ ಭಾಷೆಯಲ್ಲಿ ಆಗಬೇಕು. ನೋಡಿದ ಮೇಲೆ ಈ ತುಣುಕು ತೆಗೆದುಹಾಕು ಎಂದು ಅವರು ಹೇಳಿದರೆ ವಾದ ಮಾಡದೆ ತೆಗೆಯಬೇಕು. ಸಾಂಗ್ಲಿಯ ಹೆಂಗಸರು 2010ರಲ್ಲಿ ಚಿತ್ರ ಜಗತ್ತಿಗೆಲ್ಲ ಹೋದ ಮೇಲೆ ಆಡಿದ ಮಾತನ್ನು ಮುಂದಿನವರು ಹೋಗುವ ಮೊದಲೇ ಆಡುವಂತಾಗಬೇಕು.